ಸರ್‌ಗೆ ನಾನು ಲೆಕ್ಕ ಹೇಳಿಕೊಟ್ಟ ರಂಜಾನ್

2025ರ ಮಾರ್ಚ್. ನರಸಿಂಹರಾಜಪುರದಲ್ಲಿ ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದೆ. ನಮ್ಮ ಗಣಿತದ ಸರ್ ಬೆಳಿಗ್ಗೆ ಐದಕ್ಕೆ ಒಂದೊಂದೇ ಮನೆಗೆ ಫೋನ್ ಮಾಡಿ ಮಕ್ಕಳನ್ನು ಓದಲು ಎಬ್ಬಿಸುತ್ತಿದ್ದರು. ನಮ್ಮ ಮನೆಯಲ್ಲಿ ಫೋನ್ ಎತ್ತುತ್ತಿದ್ದವರು ಬಸ್‌ಸ್ಟ್ಯಾಂಡ್ ಹತ್ತಿರ ಚಪ್ಪಲಿ ಅಂಗಡಿ ಇಟ್ಟಿರುವ ನನ್ನ ಅಬ್ಬಾ. ನಾನು ಕಂಬಳಿಯೊಳಗಿದ್ದರೂ "ಓದ್ತಾ ಇದಾಳೆ ಸರ್" ಎಂದು ಗಂಭೀರವಾಗಿ ಹೇಳಿಬಿಡುತ್ತಿದ್ದರು.

ನನಗೆ ಲೆಕ್ಕ ಬರುತ್ತಿರಲಿಲ್ಲ ಎಂದಲ್ಲ. ಮನೆಯಲ್ಲಿ ಸಲೀಸಾಗಿ ಮಾಡಿದ್ದೆಲ್ಲ ಪ್ರಶ್ನೆಪತ್ರಿಕೆ ಕಂಡ ಕೂಡಲೇ ಮರೆತುಹೋಗಿ ಕೈ ತಣ್ಣಗಾಗುತ್ತಿತ್ತು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಫೇಲಾಗಿದ್ದೆ. ಮುಖ್ಯ ಪರೀಕ್ಷೆಯಲ್ಲೂ ಹಾಗಾದರೆ ಗೆಳತಿಯರೆಲ್ಲ ಕಾಲೇಜಿಗೆ, ನಾನೊಬ್ಬಳು ಮನೆಯಲ್ಲಿ.

ಅಷ್ಟರಲ್ಲಿ ರಂಜಾನ್ ಶುರುವಾಯಿತು. ಉಪವಾಸ ಶುರುವಾಗುವ ಮುಂಚಿನ ಸಹರಿ ಊಟಕ್ಕೆಂದು ಮನೆಯವರೆಲ್ಲ ನಾಲ್ಕಕ್ಕೇ ಏಳುತ್ತಿದ್ದೆವು. ಒಂದು ದಿನ ಊಟದ ಮಧ್ಯೆ ಸರ್ ಫೋನ್ ಬಂತು. ನಾನೇ ಎತ್ತಿದೆ.

"ಎದ್ದಿದ್ದೀಯೇನಮ್ಮಾ?" ಅವರ ದನಿಯಲ್ಲಿ ಇನ್ನೂ ನಿದ್ದೆಯಿತ್ತು.

"ಎದ್ದು ಊಟನೂ ಮುಗೀತಾ ಬಂತು ಸರ್" ಎಂದೆ. ಏನಾಯಿತೋ, ಹಿಂದೆಯೇ "ಭಯ ಆಗ್ತದೆ ಸರ್" ಎಂದು ಅತ್ತುಬಿಟ್ಟೆ.

ಸರ್ ಬುದ್ಧಿ ಹೇಳಲಿಲ್ಲ. "ಒಂದ್ ಕೆಲ್ಸ ಮಾಡು ಮಾರಾಯ್ತಿ. ನಾಳೆಯಿಂದ ನೀನೇ ನನ್ನನ್ನ ಎಬ್ಬಿಸು. ದಿನಾ ಒಂದು ಲೆಕ್ಕ ಹೇಳಿಕೊಡು. ನಿದ್ದೆಗಣ್ಣಲ್ಲಿ ನಂಗೆ ಎಂತದೂ ತಲೆಗೆ ಹತ್ತಲ್ಲ, ನಿಧಾನ ಹೇಳ್ಬೇಕು" ಎಂದರು.

ಮರುದಿನದಿಂದ ನಾನೇ ಟೀಚರ್! ಸರ್ ಆಕಳಿಸುತ್ತಾ "ಹ್ಞೂಂ, ಆಮೇಲೆ ಎಂತ?" ಎನ್ನುತ್ತಿದ್ದರು. ತಪ್ಪಿದರೆ ಬೈಯುತ್ತಿರಲಿಲ್ಲ. "ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ" ಅಷ್ಟೆ. ಒಮ್ಮೆಯಂತೂ ಗೊರಕೆಯೇ ಕೇಳಿಸಿತು. "ಸರ್, ಕ್ಲಾಸಲ್ಲಿ ನಿದ್ದೆ ಮಾಡ್ಬಾರ್ದು!" ಎಂದು ಗದರಿದೆ. ಅಮ್ಮಿ ಗಾಬರಿಯಾಗಿ ತಲೆಯ ಮೇಲೆ ಕೈ ಇಟ್ಟುಕೊಂಡರು.

ಗಣಿತ ಪರೀಕ್ಷೆಯ ದಿನ ಗಂಟಲು ಒಣಗಿತ್ತು. ಉಪವಾಸಕ್ಕೋ ಭಯಕ್ಕೋ ಗೊತ್ತಿಲ್ಲ. ಪ್ರಶ್ನೆಪತ್ರಿಕೆ ನೋಡಿದ್ದೇ ಕೈ ಮತ್ತೆ ತಣ್ಣಗಾಯಿತು. ಕಣ್ಣು ಮುಚ್ಚಿದೆ. ಆ ಆಕಳಿಕೆಯ ದನಿ ನೆನಪಾಯಿತು: "ಆಮೇಲೆ ಎಂತ?" ನಗು ಬಂತು. ಸರ್‌ಗೆ ಹೇಳಿಕೊಡುತ್ತಿದ್ದ ಹಾಗೆಯೇ ನಿಧಾನವಾಗಿ ಬರೆಯುತ್ತಾ ಹೋದೆ.

ಫಲಿತಾಂಶ ಬಂದಾಗ ಗಣಿತದಲ್ಲಿ ಎಪ್ಪತ್ತೆಂಟು! ಓಡಿಹೋಗಿ ಸರ್‌ಗೆ ಫೋನ್ ಮಾಡಿದೆ. ಸಂತೋಷಕ್ಕೆ ಬರೀ "ಸರ್, ಸರ್" ಎನ್ನುತ್ತಲೇ ಇದ್ದೆ. ಅಬ್ಬಾ ಫೋನ್ ಕಸಿದುಕೊಂಡವರು ಗಡಿಬಿಡಿಯಲ್ಲಿ, ಹಳೇ ಅಭ್ಯಾಸ ನೋಡಿ, "ಓದ್ತಾ ಇದಾಳೆ ಸರ್!" ಎಂದುಬಿಟ್ಟರು.

"ರಿಸಲ್ಟ್ ಬಂದ್ಮೇಲೂನಾ ಮಾರಾಯ್ರೆ?" ಎಂದು ಸರ್ ನಕ್ಕಿದ್ದು ಮನೆಗೆಲ್ಲ ಕೇಳಿಸಿತು.

ಈಗ ಪಿಯುಸಿಯಲ್ಲಿದ್ದೇನೆ. ಪರೀಕ್ಷೆಯೆಂದರೆ ಕೈ ಈಗಲೂ ತಣ್ಣಗಾಗುತ್ತದೆ. "ಆಮೇಲೆ ಎಂತ?" ಎಂದು ನನ್ನನ್ನು ನಾನೇ ಕೇಳಿಕೊಂಡು, ಒಮ್ಮೆ ನಕ್ಕು, ಬರೆಯಲು ಶುರುಮಾಡುತ್ತೇನೆ.