ತಾಟು ನೋಡುತ್ತಿದ್ದ ಖಾಲಾ

ಖಾಲಾ ಅವರ ಹುಬ್ಬುಗಳ ಮೇಲೆ ಸದಾ ಜೋಳದ ಹಿಟ್ಟು ಕೂತಿರುತ್ತಿತ್ತು. ಒರೆಸಿಕೊಳ್ಳಿ ಎಂದರೆ, "ಇರ್ಲಿ ಬಿಡು ಬೇಟಿ, ನಿಮ್ಮ ಪೌಡರ್‌ಕಿಂತ ಛಲೋ ಅದ" ಎಂದು ನಗುತ್ತಿದ್ದರು. ಬೀದರಿನ ನಮ್ಮ ಹುಡುಗಿಯರ ಹಾಸ್ಟೆಲಿನಲ್ಲಿ ರೊಟ್ಟಿ ಬಡಿಯುತ್ತಿದ್ದ ಅವರು ವಿಜ್ಞಾನ, ಕಲೆ, ಕಾಮರ್ಸ್ ಎನ್ನದೆ ಎಲ್ಲರಿಗೂ ಖಾಲಾ, ಅಂದರೆ ಚಿಕ್ಕಮ್ಮ. ಅವರಿಗೆ ಓದು ಬರಹ ಬಾರದು. ಊಟವಾದ ಮೇಲೆ ಮಾತ್ರ ಯಾರು ಎಷ್ಟು ಬಿಟ್ಟಿದ್ದಾರೆಂದು ನಮ್ಮ ತಾಟುಗಳನ್ನು ಒಂದೊಂದಾಗಿ ನೋಡಿಯೇ ತೊಳೆಯಲು ಹಾಕುತ್ತಿದ್ದರು. ಎಂಥ ಜಿಪುಣಿ ಎಂದು ನಾನು ಗೆಳತಿಯರೊಡನೆ ಆಡಿಕೊಂಡದ್ದೂ ಉಂಟು.

ಅದು ಬರದ ವರ್ಷ. ಹಾಸ್ಟೆಲಿಗೆ ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು. ಔರಾದ, ಭಾಲ್ಕಿ ಕಡೆಯ ಎಷ್ಟೋ ಹುಡುಗಿಯರ ತಂದೆತಾಯಿ ದುಡಿಯಲು ಪುಣೆಗೆ, ಹೈದರಾಬಾದಿಗೆ ಹೋಗಿದ್ದರು. ನಾನು ಆಗ ಸಂಶೋಧನೆಯಲ್ಲಿ ಮುಳುಗಿದ್ದೆ. ಯಾವ ವಿಭಾಗದಲ್ಲಿ ಓದುವವರಿಗೆ ಆತ್ಮದ ನೆಮ್ಮದಿ ಹೆಚ್ಚು ಎಂಬುದು ನನ್ನ ವಿಷಯ. ಪ್ರಶ್ನೆಗಳ ಹಾಳೆ ಹಂಚಿ, ಗುರುತು ಹಾಕಿಸಿಕೊಂಡು, ಮಹಾ ಪಂಡಿತೆಯ ಹಾಗೆ ಓಡಾಡುತ್ತಿದ್ದೆ. ಠಾಣಾ ಕುಶನೂರಿನಿಂದ ಬಂದು ರಸಾಯನಶಾಸ್ತ್ರ ಓದುತ್ತಿದ್ದ ಹುಡುಗಿಯೊಬ್ಬಳು ಪ್ರತಿ ಪ್ರಶ್ನೆಗೂ 'ಪೂರ್ಣ ನೆಮ್ಮದಿ' ಎಂದೇ ಗುರುತು ಹಾಕಿದ್ದಳು. ಹಿಗ್ಗಿನಿಂದ ಅದನ್ನು ಅಡುಗೆಮನೆಯಲ್ಲಿ ಹೇಳಿದೆ.

ಖಾಲಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

"ಯಾರು, ಅಕಿನಾ? ಮೂರು ದಿನ ಆತು, ಅಕಿ ತಾಟಿನಾಗ ರೊಟ್ಟಿ ಹಂಗೇ ಉಳಿತದ. ಎಲ್ಲಾ ಛಲೋ ಅದ ಅಂತ ಬರದಾಕಿನ್ನೇ ಮೊದಲ ನೋಡಬೇಕು ಬೇಟಿ. ನಡಿ ಅಕಿ ಖೋಲಿಗಿ."

ಹುಡುಗಿ ಬಾಗಿಲು ತೆರೆದಳು. ನಿಲ್ಲಲೂ ತ್ರಾಣವಿರಲಿಲ್ಲ. ಖಾಲಾ ಏನನ್ನೂ ಕೇಳದೆ ಅವಳ ತಲೆ ಸವರಿದರು. ಅವಳು ಅವರನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

"ಅವ್ವ ಅಪ್ಪ ದುಡಿಲಾಕ ಹೋಗ್ಯಾರ, ಊರಾಗ ಮನಿಗಿ ಕೀಲಿ ಬಿದ್ದದ ಖಾಲಾ. ಖರೇ ಬರದ್ರ ನನಗ ಮನಿಗಿ ಕಳಸ್ತಾರಂತ ಅಂಜಿದೆ. ನಾ ಎಲ್ಲಿಗಿ ಹೋಗ್ಲಿ?"

ನನ್ನ ಹಾಳೆಗೆ ಹೆದರಿ ಅವಳು ಸುಳ್ಳು ಬರೆದಿದ್ದಳು. ನನಗೆ ನಾಚಿಕೆಯಾಯಿತು. ಅಂದಿನಿಂದ ಖಾಲಾ ಅವಳನ್ನು ಒಲೆಯ ಪಕ್ಕ ಕೂರಿಸಿಕೊಂಡು, ತುತ್ತು ಮಾಡಿ ಉಣಿಸಿದರು. ಹುಡುಗಿ ಚೇತರಿಸಿಕೊಂಡಳು, ಓದು ಮುಗಿಸಿದಳು.

ಎಷ್ಟೋ ವರ್ಷಗಳ ಮೇಲೆ ಖಾಲಾ ತೀರಿಕೊಂಡ ಸುದ್ದಿ ಬಂತು. ಭಾಲ್ಕಿಯಲ್ಲಿದ್ದ ಅವರ ಮಗಳ ಮನೆಗೆ ಹೋದೆ. ಹಾಸ್ಟೆಲಿನ ದಿನಗಳ ಮಾತು ಬಂದಾಗ ಮಗಳು ಹೇಳಿದಳು: "ಆ ಬರದಾಗ ನಮ್ಮ ಅಣ್ಣ ಹೈದರಾಬಾದಿಗಿ ದುಡಿಲಾಕ ಹೋದಾಂವ, ಎಂಟು ತಿಂಗಳು ಖಬರೇ ಇರ್ಲಿಲ್ರಿ. ಅಮ್ಮಿ ನಮಾಜಿಗಿ ಕುಂತಾಗಷ್ಟೇ ಅಳ್ತಿದ್ಳು."

ಆ ಎಂಟು ತಿಂಗಳೂ ದಿನಕ್ಕೆರಡು ಹೊತ್ತು ಅವರ ಕೈಯಿಂದಲೇ ಬಿಸಿ ರೊಟ್ಟಿ ಹಾಕಿಸಿಕೊಂಡವಳು ನಾನು. ಹಾಸ್ಟೆಲಿನ ಒಬ್ಬೊಬ್ಬರನ್ನೂ ಕೂರಿಸಿ ಮನಸ್ಸು ಹೇಗಿದೆ ಎಂದು ಕೇಳಿದ್ದೆ. ಖಾಲಾ ಅವರನ್ನು ಒಮ್ಮೆಯೂ ಕೇಳಲಿಲ್ಲ.