ಎಡಚಕ್ರದ ಐದು ಸ್ಟಡ್ಡುಗಳು

ಗೆಳೆಯರೇ, ಕೊಬ್ಬರಿ ಎಣ್ಣೆಯ ಬಾಟಲಿಯ ಮುಚ್ಚಳ ತೆಗೆಯುವಾಗ ಯಾವ ಕಡೆಗೆ ತಿರುಗಿಸಬೇಕೆಂದು ನೀವು ಎಂದಾದರೂ ಯೋಚಿಸಿದ್ದುಂಟೆ? ನಾನಂತೂ ಇಲ್ಲ. ಮುಚ್ಚಳವಿರಲಿ, ನಲ್ಲಿಯಿರಲಿ, ಬೋರ್‌ವೆಲ್ಲಿನ ಪೈಪಿರಲಿ, ಬಿಚ್ಚಬೇಕೆಂದರೆ ಕೈ ತಾನಾಗಿ ಎಡಕ್ಕೆ ಹೊರಳುತ್ತದೆ, ಬಿಗಿಯಬೇಕೆಂದರೆ ಬಲಕ್ಕೆ. ಯಾರೂ ಕೂರಿಸಿಕೊಂಡು ಕಲಿಸಿದ ವಿದ್ಯೆಯಲ್ಲ ಇದು. ಹಾಗಾಗಿ ಇದನ್ನು ಯಾರೂ ಸಂಶಯಿಸುವುದೂ ಇಲ್ಲ. ಅರವತ್ತು ದಾಟಿದ ನನ್ನ ಈ ಖಾತ್ರಿ ಮುರಿದು ಬಿದ್ದದ್ದು ಅಜ್ಜಂಪುರದಿಂದ ನಮ್ಮೂರಿಗೆ ಬರುವ ದಾರಿಯಲ್ಲಿ, ನನ್ನ ಹಳೆಯ ಜೀಪಿನ ಎಡಗಡೆಯ ಹಿಂಚಕ್ರದ ಪಕ್ಕದಲ್ಲಿ.

ಜೀಪು ನನ್ನ ಕೈಗೆ ಬಂದು ಹದಿನೆಂಟು ವರ್ಷವಾಯಿತು. ನನಗಿಂತ ಕೊಂಚವೇ ಚಿಕ್ಕ ವಯಸ್ಸಿನ ಈ ಗಾಡಿ ನನ್ನದೆಂದು ಹೇಳಿಕೊಳ್ಳುವುದರಲ್ಲಿ ನನಗೆ ಸ್ವಲ್ಪ ಜಂಬವೂ ಉಂಟು. ಆದರೆ ಇಷ್ಟು ವರ್ಷದಲ್ಲಿ ಅದರ ಒಂದು ಚಕ್ರವನ್ನಾದರೂ ನಾನೇ ಕಳಚಿದವನಲ್ಲ. ಪಂಕ್ಚರ್ ಆದಾಗಲೆಲ್ಲ ಅಜ್ಜಂಪುರದ ತಿಮ್ಮಣ್ಣನ ಅಂಗಡಿಯ ಮುಂದೆ ನಿಲ್ಲಿಸಿ, ಎದುರಿನ ಹೋಟೆಲಿನಲ್ಲಿ ಟೀ ಕುಡಿದು, ನಾಲ್ಕು ಊರಿನ ಸುದ್ದಿ ಮಾತಾಡಿ ಬರುವಷ್ಟರಲ್ಲಿ ಚಕ್ರ ರಿಪೇರಿಯಾಗಿ ತನ್ನ ಜಾಗಕ್ಕೆ ಬಂದಿರುತ್ತಿತ್ತು. ಒಡೆತನವೆಂದರೆ ಬಹಳಷ್ಟು ಸಲ ಇಷ್ಟೇ ಅಲ್ಲವೇ? ವಸ್ತುವಿನ ಗುಟ್ಟೆಲ್ಲ ದುಡಿಯುವವನ ಕೈಯಲ್ಲಿ, ಹೆಸರು ಮಾತ್ರ ನಮ್ಮದು. ಇದು ಆಗ ನನಗೆ ಹೊಳೆದಿರಲಿಲ್ಲ.

ಆ ದಿನ ಟೈರು ಕುಸಿದಾಗ ಸುತ್ತ ಈರುಳ್ಳಿ ಹೊಲಗಳ ಹೊರತು ಏನೂ ಇರಲಿಲ್ಲ. ಜೊತೆಗಿದ್ದ ಭಾವಮೈದನ ಎದುರು ಸೋಲಬಾರದೆಂದು ನಾನೇ ಸ್ಪ್ಯಾನರ್ ಹಿಡಿದೆ. ಚಕ್ರವನ್ನು ಹಿಡಿದಿಡುವ ಐದು ಸ್ಟಡ್ಡುಗಳು, ಅಂದರೆ ತಿರುಪು ಕೊರೆದ ಕಬ್ಬಿಣದ ಗೂಟಗಳು, ಅವುಗಳ ತುದಿಗೆ ಐದು ನಟ್ಟುಗಳು. ಮೊದಲ ನಟ್ಟನ್ನು ಎಡಕ್ಕೆ ತಿರುಗಿಸಿದೆ. ಜಪ್ಪಯ್ಯ ಎಂದರೂ ಅಲುಗಲಿಲ್ಲ. ಸ್ಪ್ಯಾನರಿಗೆ ಕಬ್ಬಿಣದ ಕೊಳವೆ ಸಿಕ್ಕಿಸಿ ಅದರ ಮೇಲೆ ನಿಂತು ಕುಣಿದೆ. ಫಟ್ ಎಂದು ಸ್ಟಡ್ಡೇ ಮುರಿಯಿತು. ಹಟ ಏರಿತು, ಎರಡನೆಯದೂ ಮುರಿಯಿತು, ಮೂರನೆಯದೂ ಮುರಿಯಿತು. ಆಮೇಲೆ ಮಿಕ್ಕ ಎರಡರ ತಂಟೆಗೆ ಹೋಗದೆ, ಆ ದಾರಿಯಲ್ಲಿ ಬಂದ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ ಜೀಪನ್ನು ಮನೆಗೆ ಎಳೆಸಿಕೊಂಡು ಬಂದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಿಂದಿನ ತಿಂಗಳು ಆ ಚಕ್ರ ಬಿಗಿದವನು ತಿಮ್ಮಣ್ಣ. ಬುದ್ಧಿಯಿಲ್ಲದೆ ಬಿಗಿದಿದ್ದಾನೆ, ಅದಕ್ಕೇ ಮುರಿಯಿತು ಎಂದು ತೀರ್ಮಾನ ಮಾಡಿದೆ. ತೀರ್ಮಾನವನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಈ ಪ್ರಬಂಧ ಬರೆಯಬೇಕಾಗಿರಲಿಲ್ಲ. ಮರುದಿನ ಅದೇ ಹೋಟೆಲಿನಲ್ಲಿ, ಅವನ ಅಂಗಡಿಗೆ ಮುಖ ಮಾಡಿ ಕುಳಿತು, "ಅವ್ನ ಕೈಗೆ ಚಕ್ರ ಕೊಟ್ರೆ ಜೀವಕ್ಕೇ ಸಂಚಕಾರ ಕಣ್ರಪ್ಪಾ" ಎಂದುಬಿಟ್ಟೆ. ನನ್ನ ಮಾತಿಗೆ ಊರಿನಲ್ಲಿ ಸ್ವಲ್ಪ ತೂಕವಿದೆ. ಅಡಿಕೆಯಷ್ಟು ಹೇಳಿದ್ದು ತೆಂಗಿನಕಾಯಷ್ಟಾಗಿ ತಿರುಗಿತು. ತಿಂಗಳು ಕಳೆಯುವಷ್ಟರಲ್ಲಿ ಟ್ರ್ಯಾಕ್ಟರಿನವರು, ಟೆಂಪೋದವರು ತಿಮ್ಮಣ್ಣನ ಅಂಗಡಿ ದಾಟಿ ಮುಂದಿನ ಅಂಗಡಿಗೆ ಹೋಗತೊಡಗಿದ್ದರು. ನಾನದನ್ನು ಕಂಡೆ, ಸರಿಯಾಯಿತು ಎಂದುಕೊಂಡೆ.

ಹಳೆಯ ಜೀಪಿನ ಮರ್ಮ ಬಲ್ಲ ಮೇಸ್ತ್ರಿಗಳು ಈಗ ಕಡಿಮೆ. ತರೀಕೆರೆಯ ಶಿವಣ್ಣ ಮೇಸ್ತ್ರಿ, ಐದಾರು ಸಲ ಹೇಳಿಕಳಿಸಿದ ಮೇಲೆ, ಸಾಮಾನಿನ ಚೀಲ ಹೆಗಲಿಗೇರಿಸಿ ಬಸ್ಸಿನಲ್ಲಿ ಬಂದರು. ಮುರಿದ ಸ್ಟಡ್ಡಿನ ತುಂಡನ್ನು ಕೈಯಲ್ಲಿ ಹೊರಳಿಸಿ ನೋಡಿ ಕೇಳಿದರು:

"ಯಾರ್ರೀ ಗೌಡ್ರೇ ಇದನ್ನ ತಿರುಗ್ಸಿದ್ದು?"

"ನಾನೇ. ಬಿಚ್ಚೋಕೆ ಹೋಗಿದ್ದೆ."

"ಎತ್ಲಾಗೆ ತಿರುಗ್ಸಿದ್ರಿ?"

"ಇನ್ನೆತ್ಲಾಗೆ? ಎಡಕ್ಕೆ."

"ನೀವು ಬಿಚ್ಚಿಲ್ಲ ಕಣ್ರೀ, ಬಿಗಿದ್ಬಿಟ್ರಿ. ಈ ಹಳೇ ಗಾಡೀಲಿ ಎಡಗಡೆ ಚಕ್ರಕ್ಕೆ ಥ್ರೆಡ್ಡು ಉಲ್ಟಾ ಇರ್ತದೆ. ಚಕ್ರ ಓಡ್ತಾ ಓಡ್ತಾ ನಟ್ಟು ಸಡಿಲ ಆಗ್ಬಾರ್ದು ಅಂತ ಹಂಗೆ ಮಾಡವ್ರೆ. ಬಲಕ್ಕೆ ತಿರುಗ್ಸಿದ್ರೇನೇ ಬಿಚ್ಚೋದು."

ನಾನು ನಂಬದವನಂತೆ ನಿಂತಿದ್ದೆ. ಅವರು ತುಕ್ಕು ಒರೆಸಿ, ಸ್ಟಡ್ಡಿನ ತುದಿಯಲ್ಲಿ ಲೆಫ್ಟ್ ಎಂಬ ಗುರುತಿಗೆ ಕೆತ್ತಿದ್ದ ಇಂಗ್ಲಿಷಿನ ಎಲ್ ಅಕ್ಷರ ತೋರಿಸಿದರು. ಆಮೇಲೆ ಸ್ಪ್ಯಾನರನ್ನು ನನ್ನ ಕೈಗೇ ಕೊಟ್ಟು, ನಾನು ಮುಟ್ಟದೆ ಬಿಟ್ಟಿದ್ದ ಎರಡು ನಟ್ಟುಗಳನ್ನು ತೋರಿಸಿ, "ಬಲಕ್ಕೆ ತಿರುಗ್ಸಿ" ಎಂದರು. ತಿರುಗಿಸಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂದವು. ತಿಮ್ಮಣ್ಣ ಎಷ್ಟು ಬಿಗಿಯಬೇಕಿತ್ತೋ ಅಷ್ಟೇ ಬಿಗಿದಿದ್ದ. ನನಗೆ ನಾಚಿಕೆಯಾಯಿತು, ಮೇಸ್ತ್ರಿಯ ಎದುರಿಗೆ ಆದದ್ದಕ್ಕಿಂತ ಹೆಚ್ಚು, ಅಲ್ಲಿಲ್ಲದ ತಿಮ್ಮಣ್ಣನ ಎದುರಿಗೆ.

ಮೇಸ್ತ್ರಿ ಚಕ್ರದ ಹಿಂದಿನ ಬ್ರೇಕ್ ಡ್ರಮ್ಮು ಕಳಚಿ ಸ್ಟಡ್ಡುಗಳನ್ನು ಸುತ್ತಿಗೆಯಿಂದ ಒಂದೊಂದಾಗಿ ಬಡಿದು ಹೊರಹಾಕಿದರು. ಮುರಿದ ಮೂರಷ್ಟೇ ಅಲ್ಲ, ಚೆನ್ನಾಗಿ ಕಾಣುತ್ತಿದ್ದ ಎರಡನ್ನೂ. ಯಾಕೆಂದು ಕೇಳಿದ್ದಕ್ಕೆ, "ಮನೆಗಂಟ ಐದರ ಭಾರಾನ ಈ ಎರಡೇ ಹೊತ್ತವೆ. ಒಳಗೆ ಪೆಟ್ಟು ತಿಂದಿರ್ತವೆ, ಹೊರಗೆ ಕಾಣಲ್ಲ. ಇವತ್ತಲ್ಲ ನಾಳೆ ಹೋಗೋವೇ" ಎಂದರು. ಹೊಸ ಐದನ್ನೂ ಕೂರಿಸಿ, ನಟ್ಟು ಹಾಕಿ, ಎದುರುಬದುರಾಗಿ ಒಂದೊಂದನ್ನೇ ಬಿಗಿದು, ಕೈ ತೊಳೆದು, ಊಟ ಮಾಡಿ ಬಸ್ಸಿಗೆ ಹೊರಟರು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರೆ. ಕಬ್ಬಿಣಕ್ಕೆ ಮಾತ್ರ ಈ ಗಾದೆ ಅನ್ವಯಿಸುವುದಿಲ್ಲ. ಮುರಿದ ಸ್ಟಡ್ಡಿಗೆ ಬದಲು ಸ್ಟಡ್ಡು ಸಿಗುತ್ತದೆ. ಮರುದಿನ ಬೆಳಿಗ್ಗೆ ಜೀಪು ಹತ್ತಿ ತಿಮ್ಮಣ್ಣನ ಅಂಗಡಿಗೆ ಹೋದೆ. ಕೆಲಸವಿಲ್ಲದೆ ಅವನು ಒಂದು ಹಳೆಯ ಟ್ಯೂಬಿನ ಮೇಲೆ ಕುಳಿತಿದ್ದ. ನಡೆದದ್ದನ್ನೆಲ್ಲ ಹೇಳಿ, ತಪ್ಪು ನನ್ನದು ಎಂದೆ.

"ಗೊತ್ತಿತ್ತು ಬಿಡ್ರಿ ಗೌಡ್ರೇ. ಮೂರನ್ನೂ ಎಡಕ್ಕೇ ತಿರುಗ್ಸಿ ಮುರಿದ್ರು ಅಂತ ನಿಮ್ ಭಾವಮೈದನೇ ಅಂದಿದ್ರು."

"ಮತ್ಯಾಕಪ್ಪಾ ನೀನು ಬಾಯಿ ಬಿಡ್ಲಿಲ್ಲ?"

"ನಾನಂದ್ರೆ ಯಾರು ಕೇಳ್ತಿದ್ರು?" ಎಂದವನು ಹೋಟೆಲಿನ ಕಡೆ ನೋಡಿ, "ಈಗ ನಂಗೊಬ್ಬಂಗೆ ಹೇಳಿದ್ರೆ ಏನ್ ಬಂತು? ಎಲ್ಲಿ ಹೇಳಿದ್ರೋ ಅಲ್ಲೇ ಹೇಳಿ" ಎಂದ.

ನ್ಯಾಯವಾದ ಮಾತು. ರಸ್ತೆ ದಾಟಿ ಹೋಗಿ, ಅದೇ ಬೆಂಚಿನ ಮೇಲೆ ಕೂತವರ ಎದುರು ನಿಂತು, ಎಡ ಬಲ ತಿಳಿಯದೆ ಮುರಿದವನು ನಾನು, ತಿಮ್ಮಣ್ಣನದು ಎಳ್ಳಷ್ಟೂ ತಪ್ಪಿಲ್ಲ ಎಂದೆ. ಮೂಲೆಯಲ್ಲಿದ್ದ ಹಿರಿಯರೊಬ್ಬರು, "ನೋಡ್ರಪ್ಪಾ, ಗೌಡ್ರದು ಎಂಥ ದೊಡ್ಡ ಮನಸ್ಸು! ಈ ಕಾಲ್ದಾಗೆ ತಪ್ಪನ್ನ ಯಾರು ಒಪ್ಕಂತಾರೆ?" ಎಂದರು. ಉಳಿದವರು ತಲೆದೂಗಿದರು. ಹೋಟೆಲಿನವನು ನನಗೊಂದು ಟೀ ತಂದಿಟ್ಟ.

ನಾನು ತಪ್ಪೊಪ್ಪಿಕೊಂಡ ಸುದ್ದಿ ಈಗ ಸುತ್ತ ನಾಲ್ಕು ಹಳ್ಳಿಗೆ ಹಬ್ಬಿದೆ. ನನ್ನ ಮಾತಿನ ತೂಕ ಮೊದಲಿಗಿಂತ ಹೆಚ್ಚೇ ಆಗಿದೆ. ಟ್ರ್ಯಾಕ್ಟರಿನವರು, ಟೆಂಪೋದವರು ಮುಂದಿನ ಅಂಗಡಿಗೆ ಹೋಗುವುದು ರೂಢಿಯಾಗಿಬಿಟ್ಟಿದೆ. ತಿಮ್ಮಣ್ಣನ ಅಂಗಡಿಯ ಮುಂದೆ ನನ್ನ ಜೀಪೊಂದೇ ನಿಲ್ಲುತ್ತದೆ.