ಹಲಗೆಯ ಆಚೆಯ ಅತ್ತಿಗೆ

ನದಿಯ ಮೇಲ್ದಂಡೆಯ ಊರಲ್ಲಿ ಪಿರಿಹಿರಾಳನ್ನು ಎಲ್ಲರೂ 'ಯಾಕವ್ವ' ಎಂದೇ ಆಡಿಕೊಳ್ಳುತ್ತಿದ್ದರು. ಹಾವುಮೀನಿಗೆ ಕಿವಿ ಯಾಕಿಲ್ಲ, ಪಾದ್ರಿ ಹಾಡುವಾಗ ಕಣ್ಣು ಯಾಕೆ ಮುಚ್ಚುತ್ತಾನೆ, ಯುದ್ಧದಿಂದ ಮರಳಿದ ಗಂಡಸರು ಯಾಕೆ ಮಾತೇ ಆಡುವುದಿಲ್ಲ, ಅವಳಿಗೆ ಎಲ್ಲವೂ ಬೇಕು. ಗೆಣಸು ಅಗೆಯುವಾಗಲೂ ಅಷ್ಟೆ, ಕುರಿಯ ಉಣ್ಣೆ ಕತ್ತರಿಸುವ ಕೊಟ್ಟಿಗೆಯಲ್ಲಿ ದುಡಿಯುವಾಗಲೂ ಅಷ್ಟೆ, ಪ್ರಶ್ನೆ ನಿಲ್ಲದು. ಹುಟ್ಟುಗುಣ ಸುಟ್ಟರೂ ಹೋಗದು ನೋಡಿ. ಆದರೆ ಒಂದು 'ಯಾಕೆ' ಮಾತ್ರ ವರ್ಷಗಟ್ಟಲೆ ಅವಳ ಗಂಟಲಲ್ಲೇ ಸಿಕ್ಕಿಕೊಂಡಿತ್ತು.

ಅವಳ ಗಂಡ ಪಾರಾತೆನೆ ಕಡಲದಂಡೆಯ ಊರಿನವನು. ಮದುವೆಯಾಗಿ ಹೆಂಡತಿಯ ಊರಲ್ಲೇ ನೆಲೆಸಿ, ಅಲ್ಲೇ ತೀರಿಕೊಂಡ. ಅಂಥವನು ಸತ್ತರೆ, ಅಲ್ಲಿಯ ರೂಢಿಯಂತೆ, ಹುಟ್ಟೂರಿನವರು ಬಂದು ಹೆಣದ ಮುಂದೆ ನಿಂತು ಜಗಳ ತೆಗೆಯಬೇಕು. 'ಇವನು ನಮ್ಮವನು, ನಮ್ಮ ಮಣ್ಣಿಗೆ ಕೊಡಿ' ಎಂದು ಕೂಗಾಡಬೇಕು. ಸೋಲಲಿ, ಗೆಲ್ಲಲಿ, ಸತ್ತವನಿಗೆ ಅದೇ ಮರ್ಯಾದೆ. ಯಾರೂ ಜಗಳವಾಡದ ಹೆಣವೆಂದರೆ ಯಾರಿಗೂ ಬೇಡವಾದ ಹೆಣ. ಪಾರಾತೆನೆಯ ಅಕ್ಕ ರೋರಾ ತನ್ನ ಜನರನ್ನೆಲ್ಲ ಕಟ್ಟಿಕೊಂಡು ಬಂದಳು, ಅತ್ತಳು, ಉಂಡಳು, ಹೋದಳು. ಕೊಡಿ ಎಂದು ಒಬ್ಬರೂ ತುಟಿ ಬಿಚ್ಚಲಿಲ್ಲ. ಜಗಳಕ್ಕೆಂದು ಟೊಂಕ ಕಟ್ಟಿ ನಿಂತಿದ್ದ ಪಿರಿಹಿರಾಳ ಚಿಕ್ಕಪ್ಪಂದಿರು ಪೆಚ್ಚಾಗಿ ಕುಳಿತರು. ಅಂದಿನಿಂದ ಅತ್ತಿಗೆಯ ಜೊತೆ ಅವಳಿಗೆ ಮಾತಿಲ್ಲ.

ಈಗ ರೋರಾಳ ಊರಲ್ಲಿ ಹೊಸ ಸಭಾಮನೆ ಎದ್ದಿತ್ತು. ಗಂಡಸರು ಕಂಬ ಕೆತ್ತಿ ಮುಗಿಸಿದ್ದರು. ಕಂಬಗಳ ನಡುವೆ ಗೋಡೆಗೆ ಕೂರಿಸುವ, ಕಡ್ಡಿ ಕಟ್ಟಿದ ಜಾಲರಿಯಂಥ ಹಲಗೆ ಹೆಣೆಯಲು ಸುತ್ತಲ ಊರಿನ ಹೆಂಗಸರಿಗೆ ಕರೆ ಹೋಯಿತು. ಪಿರಿಹಿರಾಳೂ ಬಂದಳು. ಈ ಹೆಣಿಗೆ ಒಬ್ಬಳಿಂದ ಆಗುವಂಥದ್ದಲ್ಲ. ಹಲಗೆಯನ್ನು ನೆಟ್ಟಗೆ ನಿಲ್ಲಿಸಿ ಒಬ್ಬಳು ಮುಂದೆ, ಒಬ್ಬಳು ಹಿಂದೆ ಕೂರಬೇಕು. ಮುಂದಿನವಳು ತೂರಿಸಿದ ಎಲೆಯ ಸೀಳನ್ನು ಹಿಂದಿನವಳು ಎಳೆದು ಬಿಗಿಮಾಡಿ ಮರಳಿಸಬೇಕು. ಕೆಲಸ ವಹಿಸಿಕೊಂಡಿದ್ದ ಮುದುಕಿ ಹೇನಿ ಯಾರನ್ನೂ ಕೇಳದೆ ರೋರಾಳನ್ನು ಮುಂದೆ, ಪಿರಿಹಿರಾಳನ್ನು ಹಿಂದೆ ಕೂರಿಸಿಬಿಟ್ಟಳು.

ಬೆಳಗಿನಿಂದ ಸೀಳು ಹೋಗುತ್ತಿತ್ತು, ಬರುತ್ತಿತ್ತು. ಮುಖ ಕಾಣದು, ಬೆರಳು ಮಾತ್ರ. ಮಧ್ಯಾಹ್ನದ ಚಹಾ ಮುಗಿದ ಮೇಲೆ ಪಿರಿಹಿರಾ ಸೀಳನ್ನು ಹಿಡಿದು ಸುಮ್ಮನೆ ಕುಳಿತಳು.

"ಎಳೆಯೇ! ನಿದ್ದೆ ಬಂತಾ?" ಆಚೆಯಿಂದ ರೋರಾ ಗದರಿದಳು.

"ಎಳೆಯಲ್ಲ ಅತ್ತಿಗೆ. ಮೊದಲು ಒಂದು ಮಾತು ಹೇಳಿ."

"ಬಂತಪ್ಪಾ ಯಾಕವ್ವನ ಸವಾರಿ! ಕೇಳು."

"ನನ್ನ ಗಂಡನಿಗೋಸ್ಕರ ನೀವು ಯಾಕೆ ಜಗಳ ಆಡ್ಲಿಲ್ಲ? ಅಷ್ಟೊಂದು ಬೇಡವಾಗಿದ್ನಾ ಅವನು?"

ಆಚೆಯ ಬೆರಳುಗಳು ಹಲಗೆಯ ಕಡ್ಡಿಯೊಂದನ್ನು ಹಿಡಿದುಕೊಂಡವು.

"ಅವನೇ ಬೇಡ ಅಂದಿದ್ದ ಕಣೇ," ಎಂದಳು ರೋರಾ. "ಕೊನೇ ಸಲ ಇಲ್ಲಿಗೆ ಬಂದಾಗ ಕೈ ಹಿಡ್ಕೊಂಡ. 'ಅಕ್ಕಾ, ನೀನು ಬಾಯಿ ತೆಗೆದ್ರೆ ಅವರ ಕಡೆಯೋರು ಯಾರೂ ಗೆಲ್ಲಲ್ಲ. ನನ್ನ ಅವಳ ಹತ್ರಾನೇ ಬಿಟ್ಬಿಡು' ಅಂದ. ಬಿಟ್ಟೆ. ತಮ್ಮನ ಮೇಲೆ ಕರುಳಿಲ್ದೋಳು ಅಂತ ಊರೆಲ್ಲ ಉಗೀತು. ಉಗಿಸ್ಕೊಂಡೆ."

"ನನಗಾದ್ರೂ ಹೇಳ್ಬಾರ್ದಿತ್ತಾ?"

"ನಿನಗಾ? ನೀನು ಡಂಗುರ ಹೊಡೀತಿದ್ದೆ. ಜಗಳದಲ್ಲಿ ಗೆಲ್ಲದೆ ಬೇಡಿ ಉಳಿಸ್ಕೊಂಡ ಹೆಣ ಅಂತ ನಿನ್ನನ್ನೇ ಆಡ್ಕೋತಿದ್ರು."

ಪಿರಿಹಿರಾಳಿಗೆ ಉತ್ತರ ಸಿಕ್ಕಿತು. ಆದರೂ ಹೊಟ್ಟೆ ತಣ್ಣಗಾಗಲಿಲ್ಲ. ಗಂಡನೇನೋ ಅವಳನ್ನು ಬಯಸಿ ಉಳಿದಿದ್ದ, ನಿಜ. ಆದರೆ ಅವನ ಮರ್ಯಾದೆ ಬಾಕಿ ಉಳಿದಿತ್ತಲ್ಲ! ಅವಳ ಕಣ್ಣು ತುಂಬಿ ಬಂತು.

"ಹಾಗಾದ್ರೆ ಈಗ ಆಡಿ ಅತ್ತಿಗೆ."

"ಏನನ್ನ?"

"ಜಗಳಾನ."

"ಹುಚ್ಚೀ," ಎಂದಳು ರೋರಾ. ಆಮೇಲೆ ಎದ್ದು ನಿಂತ ಸದ್ದಾಯಿತು.

"ಕೊಡೇ ನನ್ನ ತಮ್ಮನ್ನ! ಬೆನ್ನ ಮೇಲೆ ಹೊತ್ತು ಬೆಳೆಸಿದೋಳು ನಾನು. ಕಡಲಗಾಳಿ ಕುಡಿದೋನನ್ನ ಆ ಕೆಸರುಗುಡ್ಡದಲ್ಲಿ ಹೂತಿಟ್ಕೊಂಡಿದ್ದೀಯಲ್ಲೇ, ನಾಚಿಕೆ ಆಗಲ್ವಾ?"

"ಕೊಡಲ್ಲ!" ಪಿರಿಹಿರಾಳೂ ಎದ್ದಳು. "ಜ್ವರದಲ್ಲಿ ಅವನ ಬೆವರು ಒರೆಸಿದೋಳು ನಾನು. ನಿಮ್ಮ ಗಾಳಿ ನೀವೇ ಇಟ್ಕೊಳ್ಳಿ!"

ಮನೆತುಂಬ ಹೆಣಿಗೆ ನಿಂತಿತು. ಹೆಂಗಸರು ಒಬ್ಬೊಬ್ಬರಾಗಿ ಹತ್ತಿರ ಬಂದರು, ಯಾರೂ ನಗಲಿಲ್ಲ. ಮುದುಕಿ ಹೇನಿ ನಿನ್ನೆಯೇ ಸಾವಾದಂತೆ ದನಿ ಎತ್ತಿ ಅಳತೊಡಗಿದಳು. ಹಲಗೆಯ ಎರಡೂ ಬದಿಯಿಂದ ಬೈಗುಳ, ಅಳು, ಮತ್ತೆ ಬೈಗುಳ. ಕೊನೆಗೆ ರೋರಾ ಹಲಗೆಗೆ ಹಣೆ ಒತ್ತಿ ನಿಂತಳು.

"ಇಟ್ಕೋ," ಎಂದಳು. "ನೀನೇ ಗೆದ್ದೆ. ಇಟ್ಕೋ ಅವನ್ನ."

ಪಿರಿಹಿರಾ ಕುಳಿತು ಮೂಗು ಒರೆಸಿಕೊಂಡಳು. ಕೈಯಲ್ಲೇ ಇದ್ದ ಸೀಳನ್ನು ಎಳೆದು, ಬಿಗಿಮಾಡಿ, ಅತ್ತಿಗೆಯ ಕಡೆಗೆ ತೂರಿಸಿದಳು.